ಚರ್ಚಿನ ಪುಸ್ತಕ, ನೋಟರಿಯ ಕಡತ: ಸಿಸಿಲಿಯ ವಂಶಶೋಧನೆಯ ಆಕರಗಳ ವಿಮರ್ಶೆ

ವಂಶಾವಳಿಯನ್ನು ಕಟ್ಟುವ ಕ್ರಮಗಳು ಎರಡು. ಮನೆತನದ ಹೆಸರನ್ನು ಮೊದಲೇ ಹಿಡಿದು, ಅದಕ್ಕೊಪ್ಪುವ ಪೂರ್ವಜರನ್ನು ಹುಡುಕುತ್ತ ಹೋಗುವುದು ಒಂದು. ಕೈಗೆ ಸಿಕ್ಕಿದ ದಾಖಲೆಯಿಂದ ಹೊರಟು, ಅದು ಹೇಳುವಷ್ಟನ್ನು ಮಾತ್ರ ಒಪ್ಪಿ, ಅದರ ಹಿಂದಿನ ದಾಖಲೆಯತ್ತ ಒಂದೊಂದೇ ಹೆಜ್ಜೆ ಇಡುವುದು ಇನ್ನೊಂದು. ಸಿಸಿಲಿಯಲ್ಲಿ ಮೊದಲ ಕ್ರಮದ ಪ್ರಸಿದ್ಧ ಪ್ರತಿನಿಧಿ ಫಿಲಾದೆಲ್ಫೋ ಮುನ್ಯೋಸ್. ಈತ 1647ರಿಂದ ಪ್ರಕಟಿಸತೊಡಗಿದ ಕುಲೀನ ಮನೆತನಗಳ ಚರಿತ್ರೆಯಲ್ಲಿ ದ್ವೀಪದ ಪ್ರಭು ಕುಟುಂಬಗಳಿಗೆಲ್ಲ ದೂರದ, ಘನವಾದ ಮೂಲಗಳು ದೊರೆಯುತ್ತವೆ. ದೊರೆಯದಿರುವುದು ಆಧಾರ. ಆದ್ದರಿಂದಲೇ ಈ ಗ್ರಂಥವನ್ನು ಮುಂದಿನ ಇತಿಹಾಸಕಾರರು ಸಂಶಯದಿಂದಲೇ ಬಳಸಿದ್ದಾರೆ. ಮುನ್ಯೋಸನನ್ನು ಟೀಕಿಸುವುದು ಇಂದು ಸುಲಭ. ಆದರೆ ಅವನ ಕ್ರಮ ಅವನೊಡನೆ ಮುಗಿಯಲಿಲ್ಲ. ಅಮೆರಿಕ, ಅರ್ಜೆಂಟೀನಾ, ಆಸ್ಟ್ರೇಲಿಯಗಳಿಗೆ ವಲಸೆಹೋದ ಸಿಸಿಲಿಯನ್ನರ ಮೊಮ್ಮಕ್ಕಳು ರಚಿಸಿಕೊಳ್ಳುತ್ತಿರುವ ಎಷ್ಟೋ ವಂಶವೃಕ್ಷಗಳಲ್ಲಿ ಪ್ರಭುಗಳ ಸ್ಥಾನದಲ್ಲಿ ರೈತರಿದ್ದಾರೆ ಎಂಬುದಷ್ಟೇ ವ್ಯತ್ಯಾಸ. ಹೆಸರು ಹೊಂದಿದರೆ ಸಂಬಂಧವೂ ಹೊಂದಿತು ಎಂಬ ನಂಬಿಕೆ ಹಾಗೆಯೇ ಉಳಿದಿದೆ.

ಸಿಸಿಲಿಯ ಸಾಮಾನ್ಯ ಕುಟುಂಬಗಳ ಶೋಧನೆಯಲ್ಲಿ ಚರ್ಚಿನ ಪುಸ್ತಕಗಳನ್ನು ಮುಖ್ಯ ಆಕರವೆಂದೂ ನೋಟರಿಯ ಕಡತಗಳನ್ನು ಪೂರಕ ಆಕರವೆಂದೂ ಎಣಿಸುವ ರೂಢಿಯಿದೆ. ಪ್ರಸ್ತುತ ಲೇಖನ ಈ ರೂಢಿಯನ್ನು ಪ್ರಶ್ನಿಸುತ್ತದೆ. ಚರ್ಚಿನ ಪುಸ್ತಕ ವಂಶದ ಸರಪಳಿಯ ಕೊಂಡಿಗಳನ್ನು ಒದಗಿಸುತ್ತದೆ, ನಿಜ. ಒಂದು ಕೊಂಡಿ ಇನ್ನೊಂದಕ್ಕೆ ಸೇರಿದ್ದೇ ಹೌದೆಂಬ ಪ್ರಮಾಣ ಮಾತ್ರ ಬಹುಪಾಲು ನೋಟರಿಯ ಕಡತದಲ್ಲಿದೆ.

ಮೊದಲು ಚರ್ಚಿನ ಪುಸ್ತಕಗಳನ್ನು ನೋಡೋಣ. ಟ್ರೆಂಟ್ ಮಹಾಸಭೆ 1563ರಲ್ಲಿ ವಿವಾಹವನ್ನು ಕುರಿತು ಹೊರಡಿಸಿದ ಆಜ್ಞೆಯ ಪ್ರಕಾರ ಮದುವೆಯು ಧರ್ಮಕೇಂದ್ರದ ಪಾದ್ರಿ ಮತ್ತು ಸಾಕ್ಷಿಗಳ ಎದುರಿನಲ್ಲಿ ನಡೆಯಬೇಕು. ಅದನ್ನು ಪಾದ್ರಿ ಪುಸ್ತಕದಲ್ಲಿ ಬರೆದಿಡಬೇಕು. ಜ್ಞಾನಸ್ನಾನದ ಸಂದರ್ಭದಲ್ಲಿ ಜ್ಞಾನತಂದೆ, ಜ್ಞಾನತಾಯಿಯರ ಹೆಸರನ್ನೂ ದಾಖಲಿಸಬೇಕು. 1614ರಲ್ಲಿ ಪೋಪ್ ಐದನೆಯ ಪಾಲ್ ಪ್ರಕಟಿಸಿದ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಇವುಗಳ ಪುಸ್ತಕಗಳೊಡನೆ ಐದನೆಯದೊಂದನ್ನು ವಿಧಿಸಿತು. ಅದೇ ‘ಸ್ತಾತುಸ್ ಅನಿಮಾರುಮ್’, ಅಂದರೆ ಆತ್ಮಗಳ ಸ್ಥಿತಿಯ ಪಟ್ಟಿ. ಈಸ್ಟರ್ ಹಬ್ಬದ ವೇಳೆಗೆ ಪಾದ್ರಿ ಮನೆಮನೆಯ ಜನರನ್ನು ಎಣಿಸಿ, ಪಾಪನಿವೇದನೆ ಮಾಡಿ ಪ್ರಸಾದ ಸ್ವೀಕರಿಸಿದವರಾರು ಎಂದು ಗುರುತಿಸುತ್ತಿದ್ದ ಪಟ್ಟಿಯಿದು. ಉಳಿದ ನಾಲ್ಕು ಪುಸ್ತಕಗಳು ವ್ಯಕ್ತಿಯನ್ನು ಒಂದು ದಿನದ ಮಟ್ಟಿಗೆ ತೋರಿಸಿದರೆ, ಇದು ಒಂದೇ ಸೂರಿನ ಕೆಳಗಿನ ಕುಟುಂಬವನ್ನು ಒಟ್ಟಾಗಿ ತೋರಿಸುತ್ತದೆ. ದುರದೃಷ್ಟವಶಾತ್ ಉಳಿದವುಗಳಿಗಿಂತ ಇದು ಅಪರೂಪ. ವರ್ಷವರ್ಷವೂ ಹೊಸದಾಗಿ ಬರೆಯುವ ಪಟ್ಟಿಯನ್ನು ಕಾಪಾಡುವ ಗೊಡವೆಗೆ ಎಲ್ಲ ಪಾದ್ರಿಗಳೂ ಹೋಗಲಿಲ್ಲ.

ಈ ಪುಸ್ತಕಗಳ ಉದ್ದೇಶವನ್ನು ಮರೆತರೆ ಇವುಗಳನ್ನು ತಪ್ಪಾಗಿ ಓದುತ್ತೇವೆ. ಇವು ವಂಶಾವಳಿಗಾಗಿ ಬರೆದವಲ್ಲ. ಗುಟ್ಟಿನ ಮದುವೆಗಳನ್ನು ತಡೆಯುವುದು, ರಕ್ತಸಂಬಂಧ ಮತ್ತು ಜ್ಞಾನಸಂಬಂಧದ ನಿಷೇಧಗಳನ್ನು ಕಾಯುವುದು ಅಂದಿನ ಚಿಂತೆಯಾಗಿತ್ತು. ಜ್ಞಾನತಂದೆಯ ಹೆಸರು ಪುಸ್ತಕದಲ್ಲಿರುವುದು ಆತನ ಗೌರವಾರ್ಥವಾಗಿಯಲ್ಲ. ಮುಂದೆ ನಿಷಿದ್ಧ ಸಂಬಂಧದ ಮದುವೆ ನಡೆಯದಿರಲಿ ಎಂಬ ಕಾರಣಕ್ಕಾಗಿ. ಹೀಗಾಗಿ ಪುಸ್ತಕವು ಸಂಬಂಧದ ವಿಷಯದಲ್ಲಿ ಜಾಗರೂಕವಾಗಿದ್ದು, ವ್ಯಕ್ತಿಯ ಗುರುತಿನ ವಿಷಯದಲ್ಲಿ ಉದಾಸೀನವಾಗಿದೆ. ಊರಿನವರೆಲ್ಲರನ್ನೂ ಪಾದ್ರಿಯು ಬಲ್ಲವನಾಗಿದ್ದ, ನಾವು ಅರಿಯೆವು.

ಈ ಉದಾಸೀನತೆಯ ಪರಿಣಾಮ ಕಾಣುವುದು ಹೆಸರಿಡುವ ಪದ್ಧತಿಯಲ್ಲಿ. ಸಿಸಿಲಿಯಲ್ಲಿ ಚೊಚ್ಚಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯ ಮಗನಿಗೆ ತಾಯಿಯ ತಂದೆಯ ಹೆಸರು. ಹೆಣ್ಣುಮಕ್ಕಳಿಗೆ ಅದೇ ಕ್ರಮದಲ್ಲಿ ಅಜ್ಜಿಯರ ಹೆಸರು. ಕೂಸು ತೀರಿಕೊಂಡರೆ ಮುಂದೆ ಹುಟ್ಟಿದ ಕೂಸಿಗೆ ಅದೇ ಹೆಸರು. ಜುಸೆಪ್ಪೆ ಎಂಬ ಅಜ್ಜನಿಗೆ ನಾಲ್ವರು ಗಂಡುಮಕ್ಕಳೆಂದು ಭಾವಿಸೋಣ. ನಾಲ್ವರ ಮನೆಯಲ್ಲೂ ಮೊದಲ ಮಗ ಜುಸೆಪ್ಪೆಯೇ. ಒಂದೇ ಊರು, ಒಂದೇ ಮನೆತನದ ಹೆಸರು, ಹೆಚ್ಚುಕಡಮೆ ಒಂದೇ ಪ್ರಾಯದ ನಾಲ್ವರು ದಾಯಾದಿಗಳು. ಇವರಲ್ಲೊಬ್ಬ ಇಪ್ಪತ್ತೈದು ವರ್ಷಗಳ ಬಳಿಕ ಮದುವೆಯ ಪುಸ್ತಕದಲ್ಲಿ ಕಾಣಿಸಿಕೊಂಡಾಗ ಅವನು ನಾಲ್ವರಲ್ಲಿ ಯಾರು? ಪಾದ್ರಿಯು ತಂದೆತಾಯಿಗಳಿಬ್ಬರ ಹೆಸರನ್ನೂ ಬರೆದಿದ್ದರೆ ಗೆದ್ದೆವು. ತಂದೆಯ ಹೆಸರಿಗೆ ‘ಕ್ವೊಂದಾಮ್’, ಅಂದರೆ ‘ದಿವಂಗತ’ ಎಂಬ ಲ್ಯಾಟಿನ್ ಪದ ಅಂಟಿಕೊಂಡಿದ್ದರೆ ಇನ್ನೂ ಅನುಕೂಲ. ಮರಣದ ಪುಸ್ತಕದೊಡನೆ ತಾಳೆ ನೋಡಬಹುದು. ತಂದೆಯ ಹೆಸರೊಂದನ್ನೇ ಬರೆದು ಮುಗಿಸಿದ್ದರೆ, ಅಲ್ಲಿಂದ ಮೇಲಿನ ವೃಕ್ಷವೆಲ್ಲ ಊಹೆ. ಪದ್ಧತಿಯೇ ಪ್ರಮಾಣವೆಂದು ತಿಳಿದು, ಮೊಮ್ಮಗನ ಹೆಸರಿನಿಂದ ಅಜ್ಜನನ್ನು ನಿರ್ಧರಿಸುವ ಅಭ್ಯಾಸ ಅನೇಕ ವಂಶಾವಳಿಗಳಲ್ಲಿದೆ. ಪದ್ಧತಿಯು ದಾರಿ ತೋರಬಲ್ಲದೇ ಹೊರತು ಸಾಕ್ಷಿ ನುಡಿಯಲಾರದು.

ಚರ್ಚಿನ ದಾಖಲೆಗಳಲ್ಲಿಯೇ ಈ ದೋಷವಿಲ್ಲದ ಒಂದು ವರ್ಗವಿದೆ. 1215ರ ಲ್ಯಾಟರನ್ ಸಭೆಯಿಂದ 1917ರ ಧರ್ಮಸಂಹಿತೆಯವರೆಗೆ ನಾಲ್ಕನೆಯ ಮೆಟ್ಟಿಲಿನವರೆಗಿನ ರಕ್ತಸಂಬಂಧಿಗಳು ವಿಶೇಷ ಅನುಮತಿಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಅಜ್ಜನ ಅಜ್ಜ ಒಬ್ಬನೇ ಆಗಿದ್ದರೂ ವಧೂವರರು ಧರ್ಮಾಧ್ಯಕ್ಷರ ಕಚೇರಿಗೆ ಅರ್ಜಿ ಸಲ್ಲಿಸಬೇಕಿತ್ತು. ಆ ಅರ್ಜಿಗಳೊಡನೆ ಸಂಬಂಧ ಹೇಗೆಂದು ತೋರಿಸುವ ವಂಶದ ರೇಖಾಚಿತ್ರ, ಊರ ಹಿರಿಯರ ಸಾಕ್ಷ್ಯ ಇರುವುದುಂಟು. ಸಾಮಾನ್ಯ ರೈತನ ನಾಲ್ಕು ತಲೆಮಾರನ್ನು ಆ ಕಾಲದವರೇ ಬರೆದಿಟ್ಟ ದಾಖಲೆ ಬೇರೆಲ್ಲಿ ದೊರೆತೀತು? ಇವು ಧರ್ಮಪ್ರಾಂತ್ಯದ ಪತ್ರಾಗಾರಗಳಲ್ಲಿರುವುದರಿಂದ ಊರಿನ ಚರ್ಚಿನಲ್ಲಿ ಮಾತ್ರ ಹುಡುಕಿದವರಿಗೆ ಕಾಣುವುದಿಲ್ಲ.

1820ರಿಂದ ಎರಡು ಸಿಸಿಲಿಗಳ ರಾಜ್ಯದ ಕಾನೂನಿನಂತೆ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ ದ್ವೀಪದಲ್ಲಿ ಜಾರಿಗೆ ಬಂತು. ನೇಪಲ್ಸಿನ ಭಾಗದಲ್ಲಿ ಇದು 1809ರಲ್ಲಿಯೇ ಆರಂಭವಾಗಿತ್ತು. ಮದುವೆಯ ನೋಂದಣಿಯೊಡನೆ ಲಗತ್ತುಗಳ ಕಡತವೊಂದಿರುತ್ತದೆ: ವಧೂವರರ ಜನನಪತ್ರ, ತೀರಿಕೊಂಡ ತಂದೆತಾಯಿಗಳ ಮರಣಪತ್ರ, ಒಪ್ಪಿಗೆ ನೀಡಬೇಕಾದ ತಂದೆ ಬದುಕಿಲ್ಲದಿದ್ದಲ್ಲಿ ಅನೇಕ ವೇಳೆ ತಾತನ ಮರಣಪತ್ರ ಕೂಡ. ಒಂದೇ ಕಡತದಲ್ಲಿ ಮೂರು ತಲೆಮಾರು. 1866ರಿಂದ ಏಕೀಕೃತ ಇಟಲಿಯ ವ್ಯವಸ್ಥೆ ಜಾರಿಗೆ ಬಂದಾಗ ಸರ್ಕಾರಿ ವಿವಾಹವಷ್ಟೇ ಕಾನೂನುಬದ್ಧವಾಯಿತು; 1929ರ ಒಪ್ಪಂದದವರೆಗೆ ಚರ್ಚಿನ ಮದುವೆಗೆ ಕಾನೂನಿನ ಬೆಲೆಯಿರಲಿಲ್ಲ. ಚರ್ಚಿನಲ್ಲಿ ಮಾತ್ರ ಮದುವೆಯಾದವರ ಮಕ್ಕಳು ಜನನ ಪುಸ್ತಕದಲ್ಲಿ ಅವಿವಾಹಿತರ ಮಕ್ಕಳಾದರು. ಇಂಥ ನಮೂದನ್ನು ಕಂಡು ಕುಟುಂಬದ ‘ಕಳಂಕ’ವನ್ನು ಊಹಿಸಿಕೊಳ್ಳುವವರು ಅದೇ ವರ್ಷದ ಚರ್ಚಿನ ಪುಸ್ತಕವನ್ನು ತೆರೆದು ನೋಡಬೇಕು.

ಇನ್ನು ನೋಟರಿಯ ವಿಷಯ. ನಮ್ಮಲ್ಲಿ ನೋಟರಿ ಎಂದರೆ ನ್ಯಾಯಾಲಯದ ಆವರಣದಲ್ಲಿ ಪ್ರಮಾಣಪತ್ರಕ್ಕೆ ಮೊಹರು ಹಾಕುವ ವಕೀಲರ ಚಿತ್ರ ಮನಸ್ಸಿಗೆ ಬರುತ್ತದೆ. ಸಿಸಿಲಿಯ ನೋಟರಿಯ ಅಧಿಕಾರ ಇದಕ್ಕಿಂತ ಬಹಳ ಹಿರಿದು. ಪತ್ರವನ್ನು ರಚಿಸುವವನೂ ಅದರ ಸತ್ಯಕ್ಕೆ ಹೊಣೆಗಾರನೂ ಅದನ್ನು ಕಾಪಾಡುವವನೂ ಅವನೇ. ಕ್ರಯ, ಗೇಣಿ, ಸಾಲ, ಬಳುವಳಿ, ಉಯಿಲು, ಕೆಲಸ ಕಲಿಯಲು ಹುಡುಗನನ್ನು ಕಮ್ಮಾರನಲ್ಲಿ ಬಿಡುವ ಕರಾರು ಎಲ್ಲವೂ ಅವನ ಮುಂದೆ ನಡೆಯುತ್ತಿದ್ದವು. ಪಾಲೆರ್ಮೋದ ನೋಟರಿ ಅದಾಮೋ ದೆ ಚಿತೆಲ್ಲಾನ 1286-87ರ ಪುಸ್ತಕವೂ ಎರಿಚೆಯ ನೋಟರಿ ಜೊವಾನ್ನಿ ಮಾಯೊರಾನನ 1297-1300ರ ಪುಸ್ತಕವೂ ಉಳಿದುಬಂದಿದ್ದು ಮುದ್ರಣವನ್ನೂ ಕಂಡಿವೆ. ಟ್ರೆಂಟ್ ಸಭೆಯ ಆಜ್ಞೆಗಿಂತ ಇವು ಸುಮಾರು ಇನ್ನೂರೆಪ್ಪತ್ತು ವರ್ಷ ಹಿಂದಿನವು. ಆಂರಿ ಬ್ರೆಸ್ಕ್ 1986ರಲ್ಲಿ ಪ್ರಕಟಿಸಿದ, 1300ರಿಂದ 1450ರವರೆಗಿನ ಸಿಸಿಲಿಯ ಆರ್ಥಿಕ ಸಾಮಾಜಿಕ ಇತಿಹಾಸವನ್ನು ಸಾಧ್ಯವಾಗಿಸಿದ್ದು ಮುಖ್ಯವಾಗಿ ಇಂಥ ಕಡತಗಳೇ.

ನೋಟರಿಯಲ್ಲಿಗೆ ಹೋಗುತ್ತಿದ್ದವರು ಶ್ರೀಮಂತರು ಮಾತ್ರ ಎಂಬ ಗ್ರಹಿಕೆ ಸರಿಯಲ್ಲ. ಒಂದು ಹಾಸಿಗೆ, ನಾಲ್ಕು ಹೊದಿಕೆ, ಒಂದು ಪೆಟ್ಟಿಗೆ, ಒಂದಿಷ್ಟು ದ್ರಾಕ್ಷಿ ತೋಟ ಇಷ್ಟನ್ನೇ ಮಗಳಿಗೆ ಕೊಡುವ ತಂದೆಯೂ ಬಳುವಳಿ ಪತ್ರ ಮಾಡಿಸುತ್ತಿದ್ದ. ವಂಶಶೋಧಕನಿಗೆ ಈ ಪತ್ರದ ಬೆಲೆ ಅಪಾರ. ವಧುವಿನ ಹೆಸರು, ಅವಳ ತಂದೆ, ಬದುಕಿದ್ದರೆ ತಾಯಿ, ತಂದೆಯಿಲ್ಲದಿದ್ದರೆ ಹೊಣೆಹೊತ್ತ ಸೋದರಮಾವ. ಕೊಡುವ ಮನೆಯ ಚೆಕ್ಕುಬಂದಿ, ಪಕ್ಕದ ಮನೆಯವರ ಹೆಸರು ಎಲ್ಲ ಅಲ್ಲಿವೆ. ಮೇಲೆ ಹೇಳಿದ ನಾಲ್ವರು ಜುಸೆಪ್ಪೆಗಳು ಬೇರೆಬೇರೆಯಾಗುವುದು ಇಲ್ಲಿ. ಇಂಥ ಬೀದಿಯ, ಇಂಥವನ ಮನೆಗೆ ಹೊಂದಿಕೊಂಡ ಮನೆಯನ್ನು ತಂದೆಯಿಂದ ಪಡೆದ ಜುಸೆಪ್ಪೆ ಒಬ್ಬನೇ ಇರಬಲ್ಲ. ಮುಂದೆ ಅವನ ಮಗ ಅದೇ ಮನೆಯನ್ನು ಮಾರಿದರೆ ಎರಡು ತಲೆಮಾರು ಸಂಶಯಕ್ಕೆಡೆಯಿಲ್ಲದೆ ಸೇರಿಕೊಳ್ಳುತ್ತವೆ. 1979ರಲ್ಲಿ ಕಾರ್ಲೊ ಗಿನ್ಸ್‌ಬರ್ಗ್ ಮತ್ತು ಕಾರ್ಲೊ ಪೋನಿ ಜೊತೆಯಾಗಿ ಬರೆದ ಪ್ರಬಂಧವೊಂದು ಪತ್ರಾಗಾರದ ಚಕ್ರವ್ಯೂಹದಲ್ಲಿ ಹೆಸರನ್ನೇ ದಾರವಾಗಿ ಹಿಡಿಯಬೇಕೆಂದು ಪ್ರತಿಪಾದಿಸಿತು. ಆ ಸೂಚನೆ ಫಲಪ್ರದವಾದುದೇ. ಆದರೆ ಒಂದೇ ಹೆಸರು ನಾಲ್ವರಿಗಿರುವ ಊರಿನಲ್ಲಿ ಹೆಸರಿಗಿಂತ ಹೊಲದ ಗಡಿ ಗಟ್ಟಿಯಾದ ದಾರ ಎಂಬುದು ಸಿಸಿಲಿಯ ಕಡತಗಳಿಂದ ಸ್ಪಷ್ಟವಾಗುತ್ತದೆ.

ಬಳುವಳಿ ಪತ್ರಗಳನ್ನು ಓದುವಲ್ಲಿ ಎಚ್ಚರವೂ ಬೇಕು. ವಿವಾಹದ ಆಸ್ತಿವ್ಯವಸ್ಥೆ ಎರಡು ಬಗೆಯದಾಗಿತ್ತು. ‘ಗ್ರೀಕ್ ಪದ್ಧತಿ’ಯಲ್ಲಿ ವಧುವಿನ ಬಳುವಳಿ ಪ್ರತ್ಯೇಕವಾಗಿ ಉಳಿಯುತ್ತಿತ್ತು. ‘ಲ್ಯಾಟಿನ್ ಪದ್ಧತಿ’ಯಲ್ಲಿ ಗಂಡಹೆಂಡಿರ ಸ್ವತ್ತು ಕೂಡಿಕೊಂಡು, ಮಕ್ಕಳಾದ ಮೇಲೆ ಗಂಡ, ಹೆಂಡತಿ, ಮಕ್ಕಳು ಎಂದು ಮೂರು ಪಾಲಾಗುತ್ತಿತ್ತು. ಈ ಹೆಸರುಗಳು ಆಸ್ತಿಯ ಕ್ರಮವನ್ನು ಸೂಚಿಸುತ್ತವೆಯೇ ಹೊರತು ವಧೂವರರ ಜನಾಂಗವನ್ನಲ್ಲ. ‘ಗ್ರೀಕ್ ಪದ್ಧತಿಯಂತೆ’ ಎಂಬ ಮಾತನ್ನು ಕಂಡು ಪೂರ್ವಜರು ಗ್ರೀಕರೆಂದು ಬರೆದುಕೊಳ್ಳುವುದು ಅಸಂಗತ.

ಜನಾಂಗಮೂಲದ ಪ್ರಶ್ನೆ ಬಂದುದರಿಂದ ಇನ್ನೊಂದು ವಿಷಯವನ್ನು ಇಲ್ಲಿಯೇ ಪರಿಶೀಲಿಸಬಹುದು. ಊರಿನ ಹೆಸರನ್ನೇ ಮನೆತನದ ಹೆಸರಾಗಿ ಉಳ್ಳವರು ಮತಾಂತರಗೊಂಡ ಯೆಹೂದ್ಯರ ವಂಶಸ್ಥರು ಎಂಬ ಜನಪ್ರಿಯ ನಂಬಿಕೆಯೊಂದಿದೆ. 1492ರ ಆಜ್ಞೆಯಂತೆ ಸಿಸಿಲಿಯ ಯೆಹೂದ್ಯರು 1493ರ ಜನವರಿಯ ವೇಳೆಗೆ ದ್ವೀಪವನ್ನು ಬಿಡಬೇಕಾಯಿತು, ಮತಾಂತರಗೊಂಡವರು ಉಳಿದರು. ಚರ್ಚಿನ ಪುಸ್ತಕಗಳು ಎಲ್ಲೆಡೆ ನಿಯತವಾಗುವುದು 1563ರ ಬಳಿಕ. ನಡುವಣ ಎಪ್ಪತ್ತು ವರ್ಷಗಳೆಂದರೆ ಎರಡು ಮೂರು ತಲೆಮಾರು. ಈ ಕಂದರವನ್ನು ಚರ್ಚಿನ ಪುಸ್ತಕದಿಂದ ದಾಟುವಂತಿಲ್ಲ. ದಾಟಬಹುದಾದರೆ ನೋಟರಿಯ ಪತ್ರದಿಂದ ಮಾತ್ರ. ಶ್ಲೋಮೊ ಸಿಮೊನ್‌ಸೋನ್ ಸಂಪಾದಿಸಿದ ಸಿಸಿಲಿಯ ಯೆಹೂದ್ಯರ ಬೃಹತ್ ದಾಖಲೆಮಾಲೆಯಲ್ಲಿ ನೋಟರಿಯ ಪತ್ರಗಳಿಗೆ ದೊಡ್ಡ ಸ್ಥಾನ ಸಂದಿರುವುದು ಈ ದೃಷ್ಟಿಯಿಂದ ಗಮನಾರ್ಹ. ಅಂಥ ಪತ್ರವನ್ನು ಮುಂದಿಡದೆ ಕೇವಲ ಹೆಸರಿನ ಬಲದಿಂದ ಮಾಡುವ ಪ್ರತಿಪಾದನೆ, ಎಷ್ಟೇ ಪ್ರಾಮಾಣಿಕವಾಗಿದ್ದರೂ, ಮುನ್ಯೋಸನ ಸಾಲಿಗೇ ಸೇರುತ್ತದೆ.

ಚರ್ಚು ಮತ್ತು ನೋಟರಿಗಳ ನಡುವೆ ನಿಲ್ಲುವ ಮೂರನೆಯ ಆಕರ ‘ರಿವೇಲಿ’. 16ರಿಂದ 18ನೆಯ ಶತಮಾನದವರೆಗೆ ತೆರಿಗೆಗಾಗಿ ಆಗಾಗ ನಡೆದ ಈ ಗಣತಿಯಲ್ಲಿ ಮನೆಯ ಯಜಮಾನ ತನ್ನ ಮನೆಯ ಜನರನ್ನೂ ಮನೆ, ಹೊಲ, ದನ, ಸಾಲಗಳನ್ನೂ ಘೋಷಿಸಬೇಕಿತ್ತು. ಇವುಗಳ ದೊಡ್ಡ ಸಂಗ್ರಹ ಪಾಲೆರ್ಮೋದ ರಾಜ್ಯ ಪತ್ರಾಗಾರದಲ್ಲಿದೆ. ತೆರಿಗೆ ಕೊಡುವವನ ಮಾತನ್ನು ಎಷ್ಟು ನಂಬಬೇಕೆಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. ಆಸ್ತಿಯನ್ನು ಕಡಿಮೆಯಾಗಿಯೂ ಸಾಲವನ್ನು ಧಾರಾಳವಾಗಿಯೂ ಹೇಳುವುದು ಸಹಜ. ಆದರೆ ಸಾಲವನ್ನು ರುಜುವಾತುಪಡಿಸಲು ಪತ್ರ ಬರೆದ ನೋಟರಿಯ ಹೆಸರನ್ನೂ ತಾರೀಖನ್ನೂ ಹೇಳುತ್ತಿದ್ದುದರಿಂದ, ಆ ಸ್ವಾರ್ಥವೇ ನಮಗೆ ದಾರಿ ತೋರುತ್ತದೆ.

ಈ ದಾರಿ ಬೇಕೇಬೇಕು. ಏಕೆಂದರೆ ನೋಟರಿಯ ಕಡತಗಳು ವ್ಯಕ್ತಿಯ ಹೆಸರಿನಿಂದಲ್ಲ, ನೋಟರಿಯ ಹೆಸರಿನಿಂದ ಜೋಡಿಸಲ್ಪಟ್ಟಿವೆ. ಒಬ್ಬನೇ ನೋಟರಿಯ ಕೆಲಸ ‘ಬಾಸ್ತಾರ್ದೆಲ್ಲೋ’ ಎಂಬ ಕರಡು ಪುಸ್ತಕ, ಮಿನುತೆ, ರಿಜಿಸ್ಟರ್ ಎಂದು ಹಲವು ರೂಪಗಳಲ್ಲಿ ಹಂಚಿರುತ್ತದೆ. ಒಂದು ನಷ್ಟವಾದಲ್ಲಿ ಇನ್ನೊಂದು ಉಳಿದಿರಬಹುದು. ನೂರು ವರ್ಷ ದಾಟಿದ ಕಡತಗಳು ರಾಜ್ಯ ಪತ್ರಾಗಾರಗಳಿಗೆ ಸೇರುತ್ತವೆ. ಪ್ರಾಂತ್ಯಗಳ ಮುಖ್ಯಪಟ್ಟಣಗಳಲ್ಲದೆ ಶಾಕ್ಕಾ, ತೆರ್ಮಿನಿ ಇಮೆರೇಸೆ, ಕಾಲ್ತಜಿರೋನೆ, ಮೋದಿಕಾ, ನೋತೋಗಳಲ್ಲಿ ಶಾಖೆಗಳಿವೆ. ಸರ್ಕಾರಿ ನೋಂದಣಿಯ ಪುಸ್ತಕಗಳು ‘ಆಂತೆನಾತಿ’ ಎಂಬ ಅಂತರಜಾಲ ಸಂಗ್ರಹದಲ್ಲಿ ದೊಡ್ಡ ಪ್ರಮಾಣದಲ್ಲಿ ದೊರೆಯುತ್ತವೆ. ಚರ್ಚಿನ ಅನೇಕ ಪುಸ್ತಕಗಳ ಮೈಕ್ರೋಫಿಲ್ಮುಗಳನ್ನು ಯೂಟಾದ ವಂಶಾವಳಿ ಸಂಘ ತೆಗೆಸಿತ್ತು. ನೋಟರಿಯ ಕಡತಗಳನ್ನು ಮಾತ್ರ ಬಹುಮಟ್ಟಿಗೆ ವಾಚನಾಲಯದಲ್ಲಿ ಕುಳಿತು, ಸಂಕ್ಷಿಪ್ತಾಕ್ಷರಗಳಿಂದ ತುಂಬಿದ ಲ್ಯಾಟಿನ್ ಬರೆಹವನ್ನು ಬಿಡಿಸಿ ಓದಬೇಕು. ಇವು ‘ಪೂರಕ’ ಎನಿಸಿಕೊಂಡದ್ದಕ್ಕೆ ಆಕರದ ಗುಣವಲ್ಲ, ಶ್ರಮವೇ ಕಾರಣವೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಹದಿನೇಳನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿದ ಊರುಗಳಲ್ಲಿ ಈ ಶ್ರಮ ಅನಿವಾರ್ಯ. 1607ರಲ್ಲಿ ಸ್ಥಾಪಿತವಾದ ವಿತ್ತೋರಿಯಾ, 1610ರ ಲೆಯೋನ್‌ಫೋರ್ತೆ ಇಂಥವು. ಇಲ್ಲಿಯ ಚರ್ಚಿನ ಪುಸ್ತಕ ಊರಿಗಿಂತ ಹಿಂದೆ ಹೋಗಲಾರದು. ಒಕ್ಕಲು ಬಂದವರು ಎಲ್ಲಿಂದ ಬಂದರೆಂಬುದನ್ನು ಮದುವೆಯ ನಮೂದು ಒಮ್ಮೊಮ್ಮೆ ಹೇಳುತ್ತದೆ. ಭೂಮಿಯ ಗೇಣಿಪತ್ರದಲ್ಲಿ ಅದನ್ನು ಹುಡುಕುವುದೇ ಲೇಸು. ನಷ್ಟವಾದ ಕಡೆಗಳಲ್ಲೂ ಹೀಗೆಯೇ. 1693ರ ಜನವರಿ 11ರ ಭೂಕಂಪದಲ್ಲಿ ಆಗ್ನೇಯ ಸಿಸಿಲಿಯ ಊರುಗಳು ಚರ್ಚುಗಳ ಸಮೇತ ನೆಲಸಮವಾದವು. 1783ರಲ್ಲಿ ಇನ್ಕ್ವಿಸಿಶನ್ನಿನ ದಾಖಲೆಗಳನ್ನು ವೈಸರಾಯ್ ಕರಾಚ್ಚೋಲೋ ಸುಡಿಸಿದ. 1908ರ ಡಿಸೆಂಬರ್ 28ರ ಭೂಕಂಪ ಮೆಸ್ಸಿನಾವನ್ನೂ ಅದರ ಪತ್ರಾಗಾರವನ್ನೂ ಕೆಡವಿತು.

ದಾಖಲೆ ಉಳಿದಿದ್ದರೂ ವಂಶಾವಳಿಯೊಳಗೆ ಬಾರದವರಿದ್ದಾರೆ. ಸಂತ ಬೆನೆದೆತ್ತೋನ ನಿದರ್ಶನ ಪ್ರಸಿದ್ಧ. 1589ರಲ್ಲಿ ತೀರಿಕೊಂಡ, 1807ರಲ್ಲಿ ಸಂತನೆಂದು ಘೋಷಿತನಾದ ಈತನ ತಂದೆತಾಯಿಗಳು ಸಾನ್ ಫ್ರಾತೆಲ್ಲೋ ಊರಿನ ಆಫ್ರಿಕ ಮೂಲದ ಗುಲಾಮರು, ಕ್ರಿಸ್ತೋಫೊರೋ ಮತ್ತು ದಿಯಾನಾ. ಅವರಿಗಂಟಿದ ಮನಸ್ಸೇರಿ ಎಂಬ ಹೆಸರು ಒಡೆಯನ ಮನೆತನದ್ದು. ಹೆಸರನ್ನೇ ಹಿಡಿದು ಹೊರಟವನು ಒಡೆಯನ ಮನೆ ಸೇರುತ್ತಾನೆ, ಗುಲಾಮನ ಮನೆ ಸೇರುವುದಿಲ್ಲ. ಗೋಡೆಯ ತಿರುಗುತೊಟ್ಟಿಲಲ್ಲಿ ಬಿಟ್ಟುಹೋದ ಕೂಸುಗಳದು ಇನ್ನೊಂದು ಕಥೆ. 1820ರ ನಂತರದ ಜನನ ಪುಸ್ತಕಗಳು ಅವುಗಳ ಮೈಮೇಲಿದ್ದ ಬಟ್ಟೆಯನ್ನು ವರ್ಣಿಸುತ್ತವೆ, ಅಧಿಕಾರಿ ಇಟ್ಟ ಹೆಸರನ್ನು ಹೇಳುತ್ತವೆ. ‘ಸಿಕ್ಕಿದವನು’ ಎಂಬರ್ಥದ ತ್ರೊವಾತೋ ಮುಂತಾದವು ಇಂದಿಗೂ ಮನೆತನದ ಹೆಸರುಗಳಾಗಿ ಉಳಿದಿವೆ.

ಈ ಪ್ರಸಂಗದಲ್ಲಿ ನಮ್ಮ ನಾಡಿಗೂ ಸಿಸಿಲಿಗೂ ನಡುವೆ ಹಾದುಹೋದ ಒಂದು ಎಳೆಯನ್ನು ನೆನೆಯುವುದು ಉಚಿತ. ಮಾಹ್ದಿಯ ಮೂಲದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ. 1132ರ ಅಕ್ಟೋಬರಿನಲ್ಲಿ ಅಲ್ಲಿಯೇ ಬರೆಸಿದ ದಾಸ್ಯವಿಮೋಚನಾ ಪತ್ರದಲ್ಲಿ ಆಶು ಎಂಬ ತುಳುನಾಡಿನ ಸ್ತ್ರೀಯ ಹೆಸರಿದೆ. 1148ರಲ್ಲಿ ಸಿಸಿಲಿಯ ನಾರ್ಮನ್ ದೊರೆ ಮಾಹ್ದಿಯವನ್ನು ಹಿಡಿದಾಗ ಬೆನ್ ಯಿಜುವಿನ ಒಡಹುಟ್ಟಿದವರು ಸಿಸಿಲಿಯ ಪಾಲಾದರು. 1156ರಲ್ಲಿ ಅವನ ಮಗಳು, ಮಾಜಾರಾದಲ್ಲಿ ನೆಲೆಸಿದ್ದ ಸೋದರ ಯೂಸುಫನ ಮಗನನ್ನು ಈಜಿಪ್ಟಿನ ಫುಸ್ತಾತಿನಲ್ಲಿ ವರಿಸಿದಳು. ಅವಳ ತಾಯಿ ಆಶುವೇ ಎಂದು ವಿದ್ವಾಂಸರು ಊಹಿಸಿದ್ದಾರೆ. ಎಸ್. ಡಿ. ಗೋಯಿಟೈನ್ ಬೆಳಕಿಗೆ ತಂದ, ಅಮಿತಾವ್ ಘೋಷ್ ಅವರ 1992ರ ಕೃತಿಯಿಂದ ಸಾಮಾನ್ಯ ಓದುಗರಿಗೂ ಪರಿಚಿತವಾದ ಈ ವೃತ್ತಾಂತದಲ್ಲಿ ಒಂದಂಶ ನಮ್ಮ ವಾದಕ್ಕೆ ಸಂಬಂಧಿಸಿದೆ. ಯಾವ ವಂಶಾವಳಿಯೂ ಆಶುವನ್ನು ಉಳಿಸಲಿಲ್ಲ. ಉಳಿಸಿದ್ದು, ಹಕ್ಕನ್ನು ಸ್ಥಾಪಿಸಲು ಬರೆದ ಒಂದು ವ್ಯವಹಾರ ಪತ್ರ.

ಸಿಸಿಲಿಯ ಸ್ತ್ರೀಯರ ವಿಷಯದಲ್ಲಿ ದಾಖಲೆಗಿಂತ ಕಾನೂನು ಹಿಂದುಳಿದಿತ್ತು. ಚರ್ಚಿನ ಪುಸ್ತಕವೂ ಸರ್ಕಾರಿ ಪುಸ್ತಕವೂ ವಿವಾಹಿತೆಯನ್ನು ಅವಳ ತವರಿನ ಹೆಸರಿನಿಂದಲೇ ಕರೆಯುತ್ತವೆ, ಮರಣದ ನಮೂದಿನಲ್ಲಿ ಕೂಡ. ಆದ್ದರಿಂದ ತಾಯಿಯ ಸಾಲನ್ನು ತಂದೆಯ ಸಾಲಿನಷ್ಟೇ ದೂರ ಹಿಂಬಾಲಿಸಬಹುದು. ಆದರೆ ಇಟಲಿಯ ಪೌರತ್ವದ ಕಾನೂನು 1948ರ ಜನವರಿ 1ಕ್ಕೆ ಮೊದಲು ಹುಟ್ಟಿದವರಿಗೆ ತಾಯಿಯ ಮೂಲಕ ಪೌರತ್ವವನ್ನು ಕೊಡುತ್ತಿರಲಿಲ್ಲ. 2009ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕವೂ ಅಂಥವರು ನ್ಯಾಯಾಲಯದ ಮೊರೆಹೋಗಬೇಕಾಗಿತ್ತು. ವಿದೇಶಗಳಲ್ಲಿದ್ದ ಬಹುಮಂದಿ ಪತ್ರಾಗಾರಗಳಿಗೆ ಬರೆಯುತ್ತಿದ್ದುದು ಈ ಪೌರತ್ವಕ್ಕಾಗಿ. 2025ರ ಮಾರ್ಚಿನ ಸುಗ್ರೀವಾಜ್ಞೆ ಮತ್ತು ಮೇ ತಿಂಗಳಿನ ಕಾನೂನು, ವಿದೇಶದಲ್ಲಿ ಹುಟ್ಟಿದವರ ಹಕ್ಕನ್ನು ಸಾಮಾನ್ಯವಾಗಿ ತಂದೆತಾಯಿ ಅಥವಾ ಅಜ್ಜಅಜ್ಜಿಯರ ತಲೆಮಾರಿಗೆ ಸೀಮಿತಗೊಳಿಸಿವೆ. ಮುತ್ತಜ್ಜನ ಜನನಪತ್ರಕ್ಕೆ ಹಿಂದಿನ ಬೆಲೆ ಈಗಿಲ್ಲ. ಇದುವರೆಗಿನ ಸೂಚಿಗಳು ಬಹುಪಾಲು ಆ ಬೇಡಿಕೆಯನ್ನು ಪೂರೈಸಲೆಂದು, ಪುರುಷರ ಮನೆತನದ ಹೆಸರಿನಿಂದ, 1820ರ ಈಚಿನ ಪುಸ್ತಕಗಳಿಗೆ ತಯಾರಾದವು. ಬೇಡಿಕೆ ತಗ್ಗಿರುವ ಈ ಸಂದರ್ಭದಲ್ಲಿ ಸಂಶೋಧನ ಸಂಸ್ಥೆಗಳು ಕೈಗೊಳ್ಳಬಹುದಾದ ಕಾರ್ಯವೆಂದರೆ ಒಂದು ಸಣ್ಣ ಊರಿನ ಒಂದು ಶತಮಾನದ ಬಳುವಳಿ ಪತ್ರಗಳಿಗೆ, ವಧುವಿನ ಹೆಸರು, ಅವಳ ತಾಯಿಯ ಹೆಸರು ಮತ್ತು ಕೊಟ್ಟ ಮನೆಯ ಚೆಕ್ಕುಬಂದಿಗಳ ಕ್ರಮದಲ್ಲಿ ಸೂಚಿಯೊಂದನ್ನು ಸಿದ್ಧಪಡಿಸಿ, ಅದೇ ಊರಿನ ಮದುವೆಯ ಪುಸ್ತಕದೊಡನೆ ಸಾಲುಸಾಲಾಗಿ ತಾಳೆ ನೋಡುವುದು.